ಮೊದಲ ನೆರೆಮನೆಯವ

ಅಕ್ಟೋಬರ್ ೯, ಬುಧವಾರ

ಮೂವತ್ತು ವರ್ಷ ಬಸ್ಸು ಓಡಿಸಿದೆ. ಲಿಂಗೆನ್‌ನಿಂದ ಮೆಪೆನ್, ಮೆಪೆನ್‌ನಿಂದ ಹಾರೆನ್. ಎಮ್ಸ್ ಹೊಳೆಯ ಪಕ್ಕಕ್ಕೇ ಹೋಗಿ ಹೊಳೆಯ ಪಕ್ಕಕ್ಕೇ ಬರುವ ದಾರಿ. ನನ್ನ ತಲೆಯ ಮೇಲೆ ಒಂದು ಫಲಕವಿತ್ತು: 'ಚಾಲಕರೊಡನೆ ಮಾತನಾಡಬೇಡಿ.' ಆಗ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಈಗ ಫಲಕವಿಲ್ಲ, ಎಲ್ಲರೂ ಚಾಚೂ ತಪ್ಪದೆ ಪಾಲಿಸುತ್ತಿದ್ದಾರೆ. ಅದಕ್ಕೇ ಬರೆಯಲು ಕುಳಿತೆ.

ನನ್ನ ಹೆಂಡತಿ ತೆಕ್ಲಾಳನ್ನು ಮಣ್ಣು ಮಾಡಿದ್ದು ಶನಿವಾರ. ನಮ್ಮ ಹಾರ್‌ಬ್ರೂಕ್‌ನಲ್ಲಿ ಸಾವಿನ ಮನೆಯವರು ಯಾವ ಕೆಲಸಕ್ಕೂ ಕೈ ಹಾಕುವಂತಿಲ್ಲ. ಕುಳಿತು ಅಳಬೇಕು, ಅಷ್ಟೇ. ಉಳಿದದ್ದೆಲ್ಲ ಮೊದಲ ನೆರೆಮನೆಯವನ ಪಾಲು. ಯಾರ ಬಾಗಿಲು ನಮ್ಮ ಬಾಗಿಲಿಗೆ ಎಲ್ಲರಿಗಿಂತ ಹತ್ತಿರವೋ ಅವನೇ ಮೊದಲ ನೆರೆಮನೆಯವ. ನಿನಗೆ ಇಷ್ಟವೇ ಎಂದು ಯಾರೂ ಕೇಳುವುದಿಲ್ಲ. ನಮ್ಮ ಅಜ್ಜಂದಿರು ಜೌಗಿನಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಾಲಕ್ಕೆ, ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಇರುತ್ತಿದ್ದದ್ದು ಒಂದೇ ಮನೆ. ಅಂದಿನ ಏರ್ಪಾಡು ಇವತ್ತಿಗೂ ನಡೆಯುತ್ತಿದೆ. ಹೊಳೆಯ ಏರಿಯ ಪಕ್ಕದ ಈ ರಸ್ತೆಯ ಕೊನೆಯಲ್ಲಿ ಇರುವುದು ಎರಡೇ ಮನೆ, ನಡುವೆ ಯಾರದೋ ಆಲೂಗಡ್ಡೆ ಹೊಲ. ಒಂದು ಮನೆ ನನ್ನದು. ಇನ್ನೊಂದು ಬೆರೆಂಟ್ ರೆನ್ಸಿಂಗ್‌ನದು.

ಅವನೂ ನಾನೂ ಮಾತು ಬಿಟ್ಟು ಹದಿನೆಂಟು ವರ್ಷ.

ಆದರೂ ಬಂದ. ಕಪ್ಪು ಕೋಟು ಹಾಕಿಕೊಂಡು, ಟೋಪಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ. ನನ್ನ ಮುಖ ನೋಡಲಿಲ್ಲ. ನೇರ ಮಲಗುವ ಕೋಣೆಗೆ ಹೋಗಿ ಕಪಾಟು ತೆರೆದು, ಮೂರನೆಯ ಖಾನೆಯಿಂದ ತೆಕ್ಲಾ ಈ ದಿನಕ್ಕೆಂದೇ ಎತ್ತಿಟ್ಟಿದ್ದ ಬಿಳಿ ನಾರುಮಡಿಯ ಬಟ್ಟೆಯನ್ನು ತೆಗೆದ. ಅದು ಅಲ್ಲಿದೆಯೆಂದು ನನಗೇ ಗೊತ್ತಿರಲಿಲ್ಲ. ತೆಕ್ಲಾ ಅವನ ಹೆಂಡತಿ ಆಲ್ವಿನಾಗೆ ಹೇಳಿದ್ದಳಂತೆ, ಆಲ್ವಿನಾ ಸಾಯುವ ಮೊದಲು ಅವನಿಗೆ ಹೇಳಿದ್ದಳಂತೆ. ಬಟ್ಟೆಯ ಕೆಳಗೇ, ನನ್ನನ್ನು ಮಣ್ಣು ಮಾಡುವಾಗ ತೊಡಿಸಬೇಕಾದ ನನ್ನ ಕೊನೆಯ ಅಂಗಿಯೂ ಇತ್ತು, ಇಸ್ತ್ರಿ ಮಾಡಿದ್ದು. ಅವನು ಅದರ ಮಡಿಕೆಯನ್ನು ಸರಿಪಡಿಸಿ ಬಾಗಿಲು ಮುಚ್ಚಿದ. ಆಮೇಲೆ ಮನೆಮನೆಗೂ ಹೋಗಿ ಸುದ್ದಿ ಮುಟ್ಟಿಸಿದ, ಹೊರುವ ಆರು ಜನರನ್ನು ಗೊತ್ತು ಮಾಡಿದ, ಶವಪೆಟ್ಟಿಗೆಯ ಮುಂದಿನ ಎಡ ಹಿಡಿಯನ್ನು ತಾನೇ ಹಿಡಿದ. ಎಲ್ಲವನ್ನೂ ಒಪ್ಪವಾಗಿ ಮಾಡಿದ. ನನ್ನ ಜೊತೆ ಒಂದಕ್ಷರ ಆಡಲಿಲ್ಲ.

ಮೊಂಡ.

ಅಕ್ಟೋಬರ್ ೧೩, ಭಾನುವಾರ

ಬೇಕರಿಯ ವಾಲ್ಬುರ್ಗಾ ಸೂಪ್ ತಂದಿದ್ದಳು. ಊರಿನ ಅರ್ಧ ಆಡಳಿತ ನಡೆಯುವುದು ಅವಳ ನಾಲಗೆಯ ಮೇಲೆ.

"ಒಂದು ಥ್ಯಾಂಕ್ಸ್ ಹೇಳಿದ್ರೆ ನಿನ್ನ ಬಾಯೇನು ಸವೆದು ಹೋಗತ್ತೇನೋ ಲಾಂಬರ್ಟ್?" ಎಂದಳು.

"ಅವನು ಬಂದಿದ್ದು ನನಗೋಸ್ಕರ ಅಲ್ಲ, ಪದ್ಧತಿಗೋಸ್ಕರ."

"ಹನ್ನೊಂದು ವರ್ಷದ ಹಿಂದೆ ನೀನು ಆಲ್ವಿನಾನ ಹೊತ್ಯಲ್ಲ, ಯಾರಿಗೋಸ್ಕರ ಹೊತ್ತೆ?"

"ಆಲ್ವಿನಾಗೋಸ್ಕರ."

"ಎರಡು ಕತ್ತೆಗಳು," ಎಂದು ಪಾತ್ರೆ ಮೇಜಿನ ಮೇಲೆ ಕುಕ್ಕಿ ಹೋದಳು.

ಅವಳಿಗೇನು ಗೊತ್ತು? ನಾವು ಮಾತು ಬಿಟ್ಟ ದಿನ ಅವಳು ಬಿಯರ್ ಗುಡಾರದಲ್ಲಿದ್ದಳು. ನಾನು ಕೋವಿಯ ಹಿಂದಿದ್ದೆ. ಬೇಸಿಗೆಯ ಗುರಿಕಾರರ ಹಬ್ಬದಲ್ಲಿ ಕಂಬದ ಮೇಲಿನ ಮರದ ಹಕ್ಕಿಗೆ ಸರದಿಯಂತೆ ಹೊಡೆಯುತ್ತ ಬಂದಿದ್ದೆವು. ಕೊನೆಯ ಚೂರು ಯಾರ ಗುಂಡಿಗೆ ಬೀಳುತ್ತದೋ ಅವನು ಆ ವರ್ಷದ ರಾಜ. ಬೆರೆಂಟ್ ಹೊಡೆದ, ಚೂರು ನೇತಾಡಿತು, ಬೀಳಲಿಲ್ಲ. ನನ್ನ ಸರದಿ. ನಾನು ಹೊಡೆದೆ, ಬಿತ್ತು. 'ನೀನು ಒತ್ತೋಕೆ ಮುಂಚೆನೇ ಬಿತ್ತು, ಅದು ನನ್ನ ಗುಂಡು' ಎಂದ. ನಾನು ಸುಮ್ಮನೆ ನಕ್ಕೆ. ಪಂಚರು ನನ್ನನ್ನು ಹೆಗಲ ಮೇಲೆ ಎತ್ತಿದರು. ಸಾಲದ್ದಕ್ಕೆ ಆಲ್ವಿನಾ ತಾನು ರಾಣಿಯಾಗುವೆನೆಂದು ಹಸಿರು ರೇಷ್ಮೆಯ ಉಡುಪು ಹೊಲಿಸಿಟ್ಟಿದ್ದಳು. ತೆಕ್ಲಾಳ ಹತ್ತಿರ ಉಡಲು ಏನೂ ಇರಲಿಲ್ಲ. ಆಲ್ವಿನಾ ನಗುತ್ತ ಅದನ್ನೇ ತಂದು ತೊಡಿಸಿದಳು. ತನ್ನ ಹೆಂಡತಿಯ ಹಸಿರು ರೇಷ್ಮೆ ನನ್ನ ಹೆಂಡತಿಯ ಮೈಮೇಲೆ ಕುಣಿಯುವುದನ್ನು ಬೆರೆಂಟ್ ನೋಡಿದ. ಅಲ್ಲಿಗೆ ಮುಗಿಯಿತು.

ಗಂಡಸರು ಮಾತು ಬಿಟ್ಟರೂ ಹೆಂಗಸರು ಬಿಡಲಿಲ್ಲ. ಅವನಿಗೆ ಏಣಿ ಬೇಕಿದ್ದರೆ ಆಲ್ವಿನಾ ಮೂಲಕ ತೆಕ್ಲಾಗೆ, ತೆಕ್ಲಾ ಮೂಲಕ ನನಗೆ ಬರುತ್ತಿತ್ತು. ಆಲ್ವಿನಾ ಹೋದ ಮೇಲೆ ತೆಕ್ಲಾ ಒಬ್ಬಳೇ ಎರಡೂ ಕಡೆಯ ಅಂಚೆಯವಳಾದಳು.

ಈಗ ಅಂಚೆ ನಿಂತಿದೆ.

ನವೆಂಬರ್ ೧, ಶುಕ್ರವಾರ

ಸರ್ವ ಸಂತರ ದಿನ. ಮಧ್ಯಾಹ್ನ ಸ್ಮಶಾನಕ್ಕೆ ಕೆಂಪು ದೀಪ ಒಯ್ದೆ. ತೆಕ್ಲಾಳ ಸಾಲಿನಲ್ಲೇ, ನಾಲ್ಕು ಸಮಾಧಿ ಆಚೆ ಆಲ್ವಿನಾ. ಬೆರೆಂಟ್ ಅಲ್ಲಿ ಬಗ್ಗಿ ನಿಂತಿದ್ದ, ಪಕ್ಕದಲ್ಲಿ ಅವನ ಮುದಿ ನಾಯಿ ಟೋರ್ಫ್. ಅಜ್ಜಂದಿರು ಕಡಿದು ಒಣಗಿಸಿ ಒಲೆಗೆ ಹಾಕುತ್ತಿದ್ದ ಜೌಗುಮಣ್ಣಿನ ಬಣ್ಣ ಅದರದು, ಹೆಸರೂ ಅದೇ. ಹನಿ ಬೀಳುತ್ತಿತ್ತು. ಬೆರೆಂಟ್‌ನ ಬೆಂಕಿಕಡ್ಡಿಗಳು ಒದ್ದೆಯಾಗಿ ಒಂದೂ ಹತ್ತಲಿಲ್ಲ. ನಾನು ನನ್ನ ಲೈಟರನ್ನು ಕಟ್ಟೆಯ ಮೇಲೆ ಇಟ್ಟು, ನೀರು ತರುವ ನೆಪದಲ್ಲಿ ನಲ್ಲಿಯ ಕಡೆ ಹೋದೆ.

ಮರಳಿ ಬಂದಾಗ ಅವನಿರಲಿಲ್ಲ. ಲೈಟರು ತೆಕ್ಲಾಳ ಕಲ್ಲಿನ ಮೇಲಿತ್ತು. ಗಾಳಿಗೆ ಆರಿಹೋಗಿದ್ದ ಅವಳ ದೀಪ ಮತ್ತೆ ಉರಿಯುತ್ತಿತ್ತು.

ಲೈಟರಿನಲ್ಲಿ ಗ್ಯಾಸು ಕಡಿಮೆಯಾಗಿದೆ. ಎಷ್ಟು ಸಲ ಒತ್ತಿದನೋ.

ನವೆಂಬರ್ ೧೬, ಶನಿವಾರ

ಆರು ವಾರದ ಪೂಜೆ ಮುಗಿಯಿತು. ನೆರೆಯವರನ್ನು ಕಾಫಿಗೆ ಕರೆಯಲೇಬೇಕು, ಕರೆದೆ. ಮೊದಲ ನೆರೆಮನೆಯವ ನನ್ನ ಬಲಕ್ಕೆ ಕೂರಬೇಕು, ಕುಳಿತ. ಬೆಣ್ಣೆ ಕೇಕು ಮೂರು ತುಂಡು ತಿಂದ. ಸಕ್ಕರೆ ಡಬ್ಬಿಯನ್ನು ನಾನು ಅವನತ್ತ ತಳ್ಳಿದೆ, ಅವನು ಹಾಲನ್ನು ನನ್ನತ್ತ ತಳ್ಳಿದ.

ಎಲ್ಲರ ಎದುರಿಗೇ ವಾಲ್ಬುರ್ಗಾ ಸುದ್ದಿ ಬಿಚ್ಚಿದಳು. ನಡುವಿನ ಆಲೂಗಡ್ಡೆ ಹೊಲ ಮಾರಾಟವಾಗಿದೆಯಂತೆ. ಕೊಂಡವರು ಗಡಿಯಾಚೆಯ ಹಾಲೆಂಡಿನ ಹುಡುಗ ಹುಡುಗಿ, ಮನೆ ಕಟ್ಟುತ್ತಾರಂತೆ.

"ಇನ್ನೇನು, ನಿಮ್ಮಿಬ್ಬರಿಗೂ ಒಬ್ಬರ ಕಾಟ ಒಬ್ಬರಿಗೆ ತಪ್ತು," ಎಂದಳು. "ಆ ಮನೆ ಎದ್ದು ಒಲೆ ಹೊತ್ತಿದ ದಿನದಿಂದ ಇಬ್ಬರಿಗೂ ಮೊದಲ ನೆರೆಮನೆ ಅವರೇ. ಅವರ ಬಾಗಿಲೇ ಹತ್ರ ಅಲ್ವಾ?"

ಬೆರೆಂಟ್ ಎದ್ದು ಟೋಪಿ ಹಾಕಿಕೊಂಡು ಹೋದ. ನಾಲ್ಕನೆಯ ತುಂಡು ತಟ್ಟೆಯಲ್ಲೇ ಇತ್ತು.

ಒಳ್ಳೆಯದೇ ಆಯಿತು. ನನ್ನ ಪೆಟ್ಟಿಗೆಯನ್ನು ಅವನು ಹೊರುವುದು ತಪ್ಪಿತು. ಒಳ್ಳೆಯದೇ ಆಯಿತು.

ಡಿಸೆಂಬರ್ ೨೪, ಮಂಗಳವಾರ

ಆಲೂಗಡ್ಡೆ ಸಲಾಡು, ಸಾಸೇಜು. ತಟ್ಟೆ ಒಂದೇ. ತೆಕ್ಲಾಳ ಕುರ್ಚಿಯನ್ನು ಗೋಡೆಗೆ ಸರಿಸಿದೆ, ಮತ್ತೆ ಮೇಜಿಗೆ ತಂದೆ.

ಬೆರೆಂಟ್‌ನ ಅಡುಗೆಮನೆಯ ದೀಪ ಉರಿಯುತ್ತಿದೆ. ಹೊಲದಾಚೆ ಕಾಣುವುದು ಅದೊಂದೇ.

ಜನವರಿ ೧೧, ಶನಿವಾರ

ಹೊಳೆ ಉಕ್ಕಿದೆ. ಹುಲ್ಲುಗಾವಲು ಕಾಣುವುದಿಲ್ಲ, ಬೇಲಿಯ ಗೂಟಗಳ ತಲೆ ಮಾತ್ರ. ಹಾಜೆ ನದಿಯ ನೀರೆಲ್ಲ ಮೆಪೆನ್‌ನಲ್ಲಿ ಬಂದು ಸೇರಿ ನಮ್ಮ ಕಡೆಗೇ ಬರುತ್ತಿದೆ. ಏರಿ ಕಾಯಲು ಮನೆಗೊಬ್ಬರಂತೆ ಹೊರಡಬೇಕು, ಜೊತೆಗೆ ಮೊದಲ ನೆರೆಮನೆಯವ. ಹಾಲೆಂಡಿನವರ ಮನೆ ಇನ್ನೂ ಬರಿ ತಳಪಾಯ, ಅದೂ ನೀರಲ್ಲಿದೆ. ಹಾಗಾಗಿ ಬೆರೆಂಟೇ.

ಬೆಳಗಿನಿಂದ ನಾನು ಮುಂದೆ, ಅವನು ಹಿಂದೆ, ನಡುವೆ ಟೋರ್ಫ್. ಅರ್ಧ ದಾರಿಯಲ್ಲಿ ಹಿಂದಿನಿಂದ ದನಿ ಬಂತು.

"ಟೋರ್ಫ್, ಆ ಮುಂದೆ ಹೋಗ್ತಿರೋನಿಗೆ ಹೇಳು, ಏರಿ ಬುಡದಲ್ಲಿ ನೀರು ಒಸರ್ತಾ ಇದೆ ಅಂತ. ಬಸ್ಸಿನ ಕಿಟಕಿಯಿಂದ ನೋಡಿ ಅಭ್ಯಾಸ ಅವನಿಗೆ. ಕಾಲಡಿ ಇರೋದು ಕಾಣಲ್ಲ."

ನಾನು ನಿಂತೆ. ನಾಯಿ ನನ್ನ ಮುಖ ನೋಡಿತು.

"ಟೋರ್ಫ್," ಎಂದೆ, "ನಿನ್ನ ಯಜಮಾನನಿಗೆ ಹೇಳು, ನಾನು ಆಗ್ಲೇ ನೋಡಿದೀನಿ. ಮರಳಿನ ಚೀಲ ತರೋಕೇ ಹೊರಟಿದ್ದು."

"ಕೇಳಿದ್ಯಾ ಟೋರ್ಫ್? ಚೀಲ ಇರೋದು ಈ ಕಡೆ. ಅವನು ಹೊರಟಿರೋದು ಆ ಕಡೆ."

"ಟೋರ್ಫ್, ಅವನಿಗೆ ಹೇಳು, ದಾರಿ ವಿಷಯ ಬಸ್ ಡ್ರೈವರಿಗೆ ಕಲಿಸಬೇಡ ಅಂತ."

ಚೀಲ ಹೊತ್ತು ತಂದೆವು, ಒಸರುವ ಜಾಗಕ್ಕೆ ಒಟ್ಟಿದೆವು. ಪಾಪ, ನಾಯಿ ಯಾರ ಕಡೆ ನೋಡಬೇಕೆಂದು ತಿಳಿಯದೆ ಕತ್ತು ನೋಯಿಸಿಕೊಂಡಿತು. ಬೆರೆಂಟ್ ತನ್ನ ಫ್ಲಾಸ್ಕಿನ ಕಾಫಿಯನ್ನು ಮುಚ್ಚಳಕ್ಕೆ ಸುರಿದು ಚೀಲದ ಮೇಲಿಟ್ಟು, "ಟೋರ್ಫ್, ನಿನಗೆ ಕಾಫಿ ಆಗಲ್ಲ ಅಲ್ವಾ," ಎಂದು ಆ ಕಡೆ ತಿರುಗಿದ. ನಾನು ಕುಡಿದೆ.

ಅವನ ದನಿ ಇಷ್ಟು ಹತ್ತಿರದಿಂದ ಕೇಳಿ ಎಷ್ಟೋ ಕಾಲವಾಯಿತು. ಮುದಿಯಾಗಿದೆ.

ಜನವರಿ ೧೪, ಮಂಗಳವಾರ

ನೀರು ಇಳಿಯುತ್ತಿದೆ. ನಾಳೆಯಿಂದ ಕಾವಲು ಬೇಡವಂತೆ. ನನ್ನನ್ನು ಕೇಳಿದರೆ ಇನ್ನೊಂದು ವಾರ ಕಾಯಬೇಕು. ಈ ಹೊಳೆಯನ್ನು ನಂಬುವಂತಿಲ್ಲ. ಯಾರೂ ಕೇಳಲಿಲ್ಲ.

ಫೆಬ್ರವರಿ ೨೬, ಬುಧವಾರ

ಕ್ರೇನು ಬಂತು. ಈಗಿನ ಮನೆಗಳ ಗೋಡೆ ಕಾರ್ಖಾನೆಯಲ್ಲೇ ತಯಾರಾಗಿ ಲಾರಿಯಲ್ಲಿ ಬರುತ್ತದೆ, ಕಿಟಕಿಯ ಗಾಜಿನ ಸಮೇತ. ಬೆಳಿಗ್ಗೆ ಬಯಲಿತ್ತು, ಸಂಜೆಗೆ ಮನೆ ನಿಂತಿದೆ. ಒಳ್ಳೆಯ ಕೆಲಸಗಾರರು, ಗಲಾಟೆಯಿಲ್ಲ. ಮೇಸ್ತ್ರಿಗೆ ಸಿಗರೇಟು ಕೊಟ್ಟೆ, ಹವೆಯ ವಿಷಯ ಸ್ವಲ್ಪ ಮಾತಾಡಿದ.

ಕತ್ತಲಾದ ಮೇಲೆ ಅಡುಗೆಮನೆಯ ಕಿಟಕಿಗೆ ಹೋದೆ. ಗೋಡೆ. ಅದರಾಚೆ ಏನೂ ಕಾಣುವುದಿಲ್ಲ.

ಮಾರ್ಚ್ ೩, ಸೋಮವಾರ

ಸಂಜೆ ಏರಿ ಹತ್ತಿ ನಡೆದು ಬಂದೆ. ನಿತ್ಯ ನಡೆಯಬೇಕೆಂದು ಡಾಕ್ಟರು ಹೇಳಿದ್ದರು. ನಾಲ್ಕು ವರ್ಷದ ಹಿಂದೆ ಹೇಳಿದ್ದು, ಆದರೂ ಹೇಳಿದ್ದು ಹೇಳಿದ್ದೇ. ಏರಿಯ ಮೇಲಿಂದ ಬೆರೆಂಟ್‌ನ ದೀಪ ಕಾಣುತ್ತದೆ. ಅದನ್ನು ನೋಡಲು ಹೋದದ್ದಲ್ಲ, ಕಂಡಿತು ಅಷ್ಟೇ.

ಮಾರ್ಚ್ ೧೫, ಶನಿವಾರ

ಹಾಲೆಂಡಿನ ಹುಡುಗಿ ಬಂದಿದ್ದಳು. ಹೆಸರು ಫೆಮ್ಕೆ, ಗಂಡ ಯೋರಿಟ್. ಬಸುರಿ. ಜೇನುಪಾಕದ ತೆಳು ಬಿಸ್ಕತ್ತು ತಂದಿದ್ದಳು. ಕುರ್ಚಿಯ ತುದಿಯಲ್ಲಿ ಕುಳಿತು, ಕೆಂಪಗಾಗಿ, ಕೊನೆಗೆ ಬಾಯಿ ಬಿಟ್ಟಳು.

"ಲಾಂಬರ್ಟ್ ಅವರೇ, ಬೇಕರಿಯಮ್ಮ ಹೇಳಿದ್ರು... ನಾವು ನಿಮ್ಮ ಪೆಟ್ಟಿಗೆ ಹೊರಬೇಕಂತೆ?"

"ಈಗ್ಲೇ ಬೇಡಮ್ಮ," ಎಂದೆ.

ನಕ್ಕಳು. ಆಮೇಲೆ ಪ್ರಶ್ನೆಗಳ ಮಳೆ. ಯಾವ ಬಟ್ಟೆ ಹಾಕಬೇಕು, ಊರಿನ ಯಾವ ತುದಿಯಿಂದ ಸುದ್ದಿ ಹೇಳಲು ಶುರು ಮಾಡಬೇಕು, ಯೋರಿಟ್‌ಗೆ ಬೆನ್ನುನೋವಿದೆ, ಮುಂದೆ ಹಿಡಿಯಲೋ ಹಿಂದೆಯೋ. ಎಲ್ಲಕ್ಕೂ ಉತ್ತರ ಹೇಳಿದೆ. ಮಗು ಹುಟ್ಟಿದಾಗ ಮೊದಲು ಸುದ್ದಿ ಹೇಳಬೇಕಾದ್ದು ಮೊದಲ ನೆರೆಮನೆಗೇ ಎಂದಾಗ ಕಣ್ಣರಳಿಸಿ, "ಹಾಗಾದ್ರೆ ಚೆನ್ನಾಗಿದೆ ಈ ಪದ್ಧತಿ," ಎಂದಳು. ಒಳ್ಳೆಯ ಹುಡುಗಿ. ದೂರುವಂಥದ್ದು ಏನೂ ಇಲ್ಲ.

ಹೊರಡುವಾಗ ಕೇಳಿದಳು: "ನಿಮ್ಮ ಕೊನೇ ಅಂಗಿ ಎಲ್ಲಿರತ್ತೆ ಅಂತ ನಾವು ತಿಳ್ಕೊಂಡಿರಬೇಕಂತೆ. ತೋರಿಸ್ತೀರಾ?"

ಕಪಾಟು ಇನ್ನೊಮ್ಮೆ ತೋರಿಸುತ್ತೇನೆ ಎಂದು ಕಳಿಸಿದೆ. ಬೀಗದ ಕೈ ಎಲ್ಲಿಟ್ಟಿದ್ದೇನೋ ನೆನಪಿಲ್ಲ ಎಂದೆ. ಆ ಕಪಾಟಿಗೆ ಬೀಗವೇ ಇಲ್ಲ.

ಏಪ್ರಿಲ್ ೨೦, ಈಸ್ಟರ್ ಭಾನುವಾರ

ಮುಸ್ಸಂಜೆಗೆ ಹೊಳೆದಂಡೆಯಲ್ಲಿ ಈಸ್ಟರ್ ಬೆಂಕಿ ಹಾಕಿದರು. ಊರೆಲ್ಲ ಬಂದಿತ್ತು. ಯೋರಿಟ್ ಸಾಸೇಜು ಸುಟ್ಟು ಕೈಯನ್ನೂ ಸುಟ್ಟುಕೊಂಡ. ಬೆರೆಂಟ್ ಬರಲಿಲ್ಲ. ಪ್ರತಿ ವರ್ಷ ಸೌದೆಗೆ ಮೊದಲ ಕಡ್ಡಿ ಗೀರುವವನು ಅವನೇ. ಯಾರನ್ನೂ ಕೇಳಲಿಲ್ಲ ನಾನು. ನನಗೇನು ಕೇಳುವ ಕೆಲಸ.

ಏಪ್ರಿಲ್ ೨೧, ಸೋಮವಾರ

ಬೆಳಿಗ್ಗೆ ಬಾಗಿಲು ಕೆರೆಯುವ ಸದ್ದು. ಟೋರ್ಫ್ ಒಬ್ಬನೇ. ನಾನು ಚಪ್ಪಲಿಯಲ್ಲೇ ಓಡಿದೆ. ಹಾಲೆಂಡಿನವರ ಒಲೆ ಇನ್ನೂ ಹೊತ್ತಿಲ್ಲ, ಹಾಗಾಗಿ ಮೊದಲ ನೆರೆಮನೆಯವ ಈಗಲೂ ನಾನೇ. ಹೋಗುವ ಹಕ್ಕು ನನಗಿದೆ.

ಬೆರೆಂಟ್ ಹಾಸಿಗೆಯಲ್ಲಿದ್ದ. ಮೈ ಕೆಂಡ. ಒಲೆ ತಣ್ಣಗೆ, ಕಲ್ಲಿದ್ದಲಿನ ಬಕೆಟ್ಟು ಖಾಲಿ. ನನ್ನನ್ನು ನೋಡಿ ಗೋಡೆಯ ಕಡೆ ತಿರುಗಿದ.

"ಟೋರ್ಫ್, ಡಾಕ್ಟರನ್ನ ಕರೀಲಾ ಅಂತ ಕೇಳು," ಎಂದೆ.

"ಟೋರ್ಫ್, ಬೇಡ ಅನ್ನು. ಬರಿ ಜ್ವರ. ನಾನಿನ್ನೂ ಸತ್ತಿಲ್ಲ, ಸತ್ತರೆ ಮೊದಲು ಅವನಿಗೇ ತಿಳಿಯತ್ತೆ."

"ಇನ್ಮೇಲೆ ತಿಳಿಯಲ್ಲ," ಎಂದೆ. "ಮೊದಲು ಹಾಲೆಂಡಿನವರಿಗೆ ತಿಳಿಯತ್ತೆ."

ನಾಯಿಯ ಹೆಸರು ಸೇರಿಸಲು ಮರೆತಿದ್ದೆ. ಅವನು ಗಮನಿಸಿದನೋ ಇಲ್ಲವೋ. ಡಾಕ್ಟರನ್ನು ಕರೆದೆ. ನಮ್ಮ ಕಡೆಯ ಕಪ್ಪು ಗೋಧಿಯ ಹಿಟ್ಟು ಕಲಸಿ ಹಂದಿಕೊಬ್ಬಿನಲ್ಲಿ ದೋಸೆ ಹುಯ್ದೆ. ತೆಕ್ಲಾ ಹುಯ್ಯುತ್ತಿದ್ದ ಹಾಗೆ ಬರಲಿಲ್ಲ.

"ಟೋರ್ಫ್, ಹೇಳು ಅವನಿಗೆ, ಇದು ಚಪ್ಪಲಿ ಅಟ್ಟೆಗೆ ಸರಿ."

"ಟೋರ್ಫ್, ಹಾಗಾದ್ರೆ ಎರಡನೇದು ಯಾಕೆ ತಿಂತಿದಾನೆ ಕೇಳು."

ತಿಂದು ಕಣ್ಣು ಮುಚ್ಚಿಕೊಂಡ. ನಿದ್ದೆ ಹೋದ ಎಂದುಕೊಂಡು ಎದ್ದೆ. ಆಗ ಗೋಡೆಯ ಕಡೆಗೇ ಮುಖ ಮಾಡಿ ಹೇಳಿದ: "ಟೋರ್ಫ್, ಆ ಮನೆ ಎದ್ದ ಮೇಲೆ ಅವನ ಅಡುಗೆಮನೆ ದೀಪ ಕಾಣಲ್ಲ ಕಣೋ. ಇದಾನೋ ಹೋದನೋ ನೋಡ್ಬೇಕು ಅಂದ್ರೆ ಏರಿ ಹತ್ತಬೇಕು. ಈಸ್ಟರ್ ಹಿಂದಿನ ವಾರ ಮಳೇಲಿ ಹತ್ತಿದ್ದಕ್ಕೇ ಈ ಜ್ವರ."

ಪಾತ್ರೆ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ.

ಏಪ್ರಿಲ್ ೨೫, ಶುಕ್ರವಾರ

ಎದ್ದು ಓಡಾಡುತ್ತಿದ್ದಾನೆ. ನಾಲ್ಕು ದಿನ ಹೋದೆ. ಇಂದು ಟೋರ್ಫ್ ಮೂಲಕ, 'ಇನ್ನು ಬರಬೇಕಾಗಿಲ್ಲ' ಎಂದು ಹೇಳಿಸಿದ. ಆಮೇಲೆ ಟೋರ್ಫ್ ಮೂಲಕವೇ, 'ಬಂದರೂ ಬಾಗಿಲೇನೂ ಹಾಕಿರಲ್ಲ' ಎಂದ.

ಮೇ ೧೪, ಬುಧವಾರ

ಟೋರ್ಫ್ ಸತ್ತ.

ವಯಸ್ಸಾಗಿತ್ತು, ಒಲೆಯ ಪಕ್ಕ ಮಲಗಿದ್ದವನು ಏಳಲಿಲ್ಲ. ಬೆರೆಂಟ್ ತೋಟದಲ್ಲಿ ಅಗೆಯುವುದು ಏರಿಯ ಮೇಲಿಂದ ಕಂಡಿತು. ನನ್ನ ಗುದ್ದಲಿ ತೆಗೆದುಕೊಂಡು ಹೋದೆ. ಪೇರ್ ಮರದ ಬುಡದಲ್ಲಿ ಇಬ್ಬರೂ ಅಗೆದೆವು, ಹಳೆಯ ಕೋಟಿನಲ್ಲಿ ಸುತ್ತಿ ಇಟ್ಟೆವು, ಮಣ್ಣು ಎಳೆದೆವು. ಒಳ್ಳೆಯ ನಾಯಿ, ಎಂದು ಹೇಳಬೇಕೆನಿಸಿತು. ಬಾಯಿ ತೆರೆದು, ಎಂದಿನಂತೆ ಕೆಳಗೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ಅವನೂ ಅಲ್ಲೇ ನೋಡುತ್ತಿದ್ದ.

ಗುದ್ದಲಿ ಹೆಗಲಿಗೇರಿಸಿ ಬಂದುಬಿಟ್ಟೆ.

ಮೇ ೨೫, ಭಾನುವಾರ

ಅವನ ಗೇಟಿನವರೆಗೆ ಎರಡು ಸಲ ಹೋದೆ. ಒಳಗೆ ಹೋಗಿ ಏನು ಮಾಡಲಿ? ಮೊದಲ ಮಾತು ನಾನೇ ಆಡಿದರೆ ಆ ಹಕ್ಕಿಯನ್ನು ಬಿಟ್ಟುಕೊಟ್ಟಂತೆ. ಅವನೂ ಹಾಗೇ ಅಂದುಕೊಂಡಿರುತ್ತಾನೆ. ಮಧ್ಯದಲ್ಲಿ ಹೊಸ ಮನೆಗೆ ಬಣ್ಣ ಬಳಿಯುತ್ತಿದ್ದಾರೆ, ತಿಳಿ ನೀಲಿ.

ತೆಕ್ಲಾ ಇದ್ದಾಗ ಮನೆ ಸುಮ್ಮನಿದ್ದರೂ ತುಂಬಿರುತ್ತಿತ್ತು. ಈಗ ರೇಡಿಯೋ ಹಾಕುತ್ತೇನೆ, ಅದರಲ್ಲಿ ಹಡಗುಗಳಿಗೆ ನೀರಿನ ಮಟ್ಟ ಹೇಳುತ್ತಾರೆ, ಅದಕ್ಕೂ ಉತ್ತರ ಕೊಡುತ್ತೇನೆ. ಒಂಟಿತನ ತಡೆಯಲಾಗುತ್ತಿಲ್ಲ. ಬರೆದುಬಿಟ್ಟೆ. ಯಾರು ಓದುತ್ತಾರೆ?

ಜೂನ್ ೫, ಗುರುವಾರ

ಏನಿಲ್ಲ.

ಜೂನ್ ೧೪, ಶನಿವಾರ

ಹೊತ್ತು ಮೀರಿದರೂ ಮಲಗದೆ ಬರೆಯುತ್ತಿದ್ದೇನೆ. ಕುಡಿದದ್ದರಿಂದಲ್ಲ.

ಇಂದು ಹೊಸ ಮನೆಯ ಒಲೆ ಹೊತ್ತಿತು. ಬಾಗಿಲಿಗೆ ಹಸಿರು ಕೊಂಬೆಯ ಕಮಾನು ಕಟ್ಟಿ, ಕಾಗದದ ಗುಲಾಬಿ ಸಿಕ್ಕಿಸಿ, ನೆರೆಯವರೆಲ್ಲ ಒಳಗೆ ಹೋದೆವು. ಒಂದೇ ಮೇಜು, ಬೆರೆಂಟ್ ಎದುರುಗಡೆ ಕುಳಿತ. ನಿಯಮದಂತೆ ಮನೆಯವನು ಮೊದಲ ಗ್ಲಾಸು ಕೋರ್ನ್, ನಮ್ಮ ಧಾನ್ಯದ ಸಾರಾಯಿ, ಸುರಿದು ತನ್ನ ಮೊದಲ ನೆರೆಮನೆಯವನಿಗೆ ಕೊಡಬೇಕು. ಅವನು ಕುಡಿದರೆ ಸಂಬಂಧ ಕುದುರಿತು. ಆಮೇಲೆ ಸಾಯುವವರೆಗೆ, ಸತ್ತ ಮೇಲೂ, ಬದಲಿಲ್ಲ. ವಾಲ್ಬುರ್ಗಾ ಎದ್ದು ನಿಂತು ಸೊಂಟಕ್ಕೆ ಕೈಕೊಟ್ಟಳು.

"ಯೋರಿಟ್, ವಯಸ್ಸಲ್ಲಿ ಹಿರಿಯ ಲಾಂಬರ್ಟ್. ಅವನಿಗೆ ಮೊದಲು ಕೊಡಪ್ಪ. ಆಮೇಲೆ ಬೆರೆಂಟ್‌ಗೆ. ಅಲ್ಲಿಗೆ ಇವರಿಬ್ಬರ ಹಳೇ ಲೆಕ್ಕ ಹರೀತು."

ಯೋರಿಟ್ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದಿಟ್ಟ, ಅದೂ ತುಂಬಿ ತುಳುಕುವಂತೆ. ಫೆಮ್ಕೆ ನನ್ನನ್ನೇ ನೋಡುತ್ತಿದ್ದಳು. ನ್ಯಾಯವಾಗಿ ಕುಡಿಯಬೇಕು. ಆ ಮಕ್ಕಳು ಏನು ತಪ್ಪು ಮಾಡಿದ್ದಾರೆ? ಗ್ಲಾಸನ್ನು ತುಟಿಯ ಹತ್ತಿರ ತಂದೆ. ಇದನ್ನು ಕುಡಿದರೆ ಬೆರೆಂಟ್ ನನಗೆ ಏನೂ ಅಲ್ಲ, ಎನಿಸಿತು. ಬರಿ ಎರಡು ಮನೆ ಆಚೆಯ ಒಬ್ಬ ಮುದುಕ. ಅವನು ಸತ್ತರೆ ನಾನು ಉಳಿದವರ ಜೊತೆ ಹಿಂದಿನ ಸಾಲಿನಲ್ಲಿ ನಿಲ್ಲಬೇಕು. ಗ್ಲಾಸು ತುಟಿ ಮುಟ್ಟಲೇ ಇಲ್ಲ.

ಆಗ ಎದುರಿನಿಂದ ದನಿ ಬಂತು. "ಟೋರ್ಫ್..."

ಬೆರೆಂಟ್ ಅಭ್ಯಾಸಬಲದಿಂದ ಮೇಜಿನ ಕೆಳಗೆ ಬಗ್ಗಿದ್ದ. ಅಲ್ಲೇ ನಿಂತ. ನಿಧಾನವಾಗಿ ತಲೆ ಎತ್ತಿದ, ಮುಖ ಕಮ್ಮಾರನ ಒಲೆಯಾಗಿತ್ತು.

"ಲಾಂಬರ್ಟ್," ಎಂದ. "ಗ್ಲಾಸ್ ಕೆಳಗಿಡು."

ಇಟ್ಟೆ. ಅರ್ಧ ಚೆಲ್ಲಿತು.

"ಈ ಹುಡುಗನ ಮೇಲೆ ನಂಗೇನು ಕೋಪ ಇಲ್ಲ," ಎಂದ ಬೆರೆಂಟ್. "ಆದ್ರೆ ಲಾಂಬರ್ಟ್ ಅಂಗಿ ಎಲ್ಲಿದೆ ಅಂತ ಅವನಿಗೇನು ಗೊತ್ತು? ಮೂರನೇ ಖಾನೆ, ತೆಕ್ಲಾ ಬಟ್ಟೆ ಇದ್ದ ಜಾಗದ ಕೆಳಗೆ. ಮಡಿಕೆ ಸರಿ ಮಾಡಿಟ್ಟವನು ನಾನು. ಇವನನ್ನ ಹೊರೋನೂ ನಾನೇ. ಮನೆ ಮಧ್ಯೆ ಎದ್ರೆ ಏಳ್ಲಿ."

ಹೇಳದೆ ಹೇಗಿರಲಿ, ಹೇಳಿದೆ: "ಆ ಮೊಣಕಾಲಲ್ಲಿ ನೀನು ನನ್ನ ಹೊರ್ತೀಯಾ? ಏರಿ ಹತ್ತಕ್ಕಾಗಲ್ಲ ನಿನಗೆ. ನಾನೇ ನಿನ್ನನ್ನ ಹೊರೋದು."

"ನೀನು ನನಗಿಂತ ಎರಡು ವರ್ಷ ದೊಡ್ಡವನು ಕಣೋ. ಸರದಿ ಪ್ರಕಾರ ನೀನೇ ಮೊದಲು."

"ಸರದಿ ವಿಷಯ ಎತ್ತಬೇಡ ನೀನು!"

"ಎತ್ತುತೀನಿ! ಆ ಹಕ್ಕಿ ನನ್ನ ಗುಂಡಿಗೇ ಬಿದ್ದಿದ್ದು!"

"ನನ್ನ ಗುಂಡಿಗೆ!"

"ನೀನು ಕೋವಿ ಕುದುರೆ ಒತ್ತೇ ಇರ್ಲಿಲ್ಲ!"

"ನೀನು ಕಣ್ಣು ಬಿಟ್ಟೇ ಇರ್ಲಿಲ್ಲ!"

ಎಲ್ಲರೂ ನಗುತ್ತಿದ್ದರಂತೆ, ಆಮೇಲೆ ವಾಲ್ಬುರ್ಗಾ ಹೇಳಿದಳು. ನನಗೆ ಕೇಳಿಸಲಿಲ್ಲ. ನಮ್ಮಿಬ್ಬರ ದನಿಯೇ ಅಷ್ಟು ಜೋರಾಗಿತ್ತು. ಕೊನೆಗೆ ಫೆಮ್ಕೆಯ ಸಣ್ಣ ದನಿ ನಡುವೆ ತೂರಿತು: "ಹಾಗಾದ್ರೆ ನಮಗೆ ಯಾರೂ ಇಲ್ವಾ?" ಅವಳ ಕಣ್ಣು ತುಂಬಿತ್ತು.

"ಇಬ್ಬರೂ ಇದೀವಲ್ಲಮ್ಮ," ಎಂದ ಬೆರೆಂಟ್.

"ಒಂದು ಕಡೆ ಇವನು, ಒಂದು ಕಡೆ ನಾನು," ಎಂದೆ. "ಮಗು ಹುಟ್ಟಿದಾಗ ಮೊದಲು ನನಗೆ ಹೇಳು."

"ನನಗೆ," ಎಂದ ಬೆರೆಂಟ್.

ವಾಲ್ಬುರ್ಗಾ ಇನ್ನೊಂದು ಗ್ಲಾಸು ತರಿಸಿದಳು. ಇಂಥದ್ದು ಊರಿನಲ್ಲಿ ಎಂದೂ ನಡೆದಿಲ್ಲ, ಹಿಂದಿನವರು ಕಂಡಿದ್ದರೆ ಕಪಾಳಕ್ಕೆ ಬಿಡುತ್ತಿದ್ದರು ಎಂದು ಬೈಯುತ್ತಲೇ ಇಬ್ಬರಿಗೂ ಸುರಿದಳು. ಇಬ್ಬರೂ ಒಟ್ಟಿಗೆ ಕುಡಿದೆವು. ಬೆರೆಂಟ್ ತಾನೇ ಮೊದಲು ಮುಗಿಸಿದೆ ಎನ್ನುತ್ತಾನೆ. ಸುಳ್ಳು.

ಜೂನ್ ೧೫, ಭಾನುವಾರ

ಚರ್ಚು ಮುಗಿದ ಮೇಲೆ ಬೆರೆಂಟ್ ನನ್ನ ತೋಳು ಹಿಡಿದು ತನ್ನ ಮನೆಗೆ ಕರೆದುಕೊಂಡು ಹೋದ. ಮಲಗುವ ಕೋಣೆಯಲ್ಲಿ ಕಪಾಟು ತೆರೆದ.

"ಎರಡನೇ ಖಾನೆ, ಎಡಗಡೆ. ತೆಕ್ಲಾಗೆ ಗೊತ್ತಿತ್ತು. ಅವಳು ಹೋದ ಮೇಲೆ ಯಾರಿಗೂ ಗೊತ್ತಿಲ್ಲ. ನೋಡಿಟ್ಕೋ."

ಅಂಗಿ ತೆಗೆದು ನೋಡಿದೆ. ಆಲ್ವಿನಾ ಇಟ್ಟಾಗಿನಿಂದ ಯಾರೂ ಮುಟ್ಟಿಲ್ಲ. ಹಳದಿಗಟ್ಟಿದೆ, ಎರಡು ಗುಂಡಿ ಇಲ್ಲ.

"ಇದನ್ನ ಹಾಕ್ಕೊಂಡು ಆಲ್ವಿನಾ ಮುಂದೆ ಹೋಗ್ತೀಯಾ? ಬಾಗಿಲಲ್ಲೇ ವಾಪಸ್ ಕಳಿಸ್ತಾಳೆ," ಎಂದೆ.

"ಮತ್ತೆ ಯಾರಿದಾರೆ ಮಾಡೋಕೆ?" ಎಂದ, ಕಿಟಕಿಯ ಹೊರಗೆ ನೋಡುತ್ತ.

ಮನೆಗೆ ತಂದೆ. ನೀಲಿ ಹಾಕಿ ಒಗೆದೆ. ತೆಕ್ಲಾಳ ಹೊಲಿಗೆ ಡಬ್ಬಿಯಲ್ಲಿ ಗುಂಡಿ ಸಿಕ್ಕಿತು. ಸೂಜಿಗೆ ದಾರ ಪೋಣಿಸಲು ಫೆಮ್ಕೆಯನ್ನು ಕರೆದೆ. ಈಗ ಅಂಗಿ ಹೊರಗೆ ತಂತಿಯ ಮೇಲಿದೆ, ಬಿಸಿಲು ಚೆನ್ನಾಗಿದೆ. ಬರೆಯುತ್ತ ಕುಳಿತಿದ್ದಾಗಲೇ ಬೆರೆಂಟ್ ಕೋಲೂರಿಕೊಂಡು ಏರಿ ಹತ್ತಿ ನಿಂತು, ಅದನ್ನು ನೋಡಿ, ಊರಿಗೆಲ್ಲ ಕೇಳಿಸುವಂತೆ ಕೂಗಿದ:

"ಆತುರ ಏನಿಲ್ಲ ಕಣೋ ಲಾಂಬರ್ಟ್! ನಿಧಾನಕ್ಕೆ ಒಣಗ್ಲಿ!"